ಪದಚರ್ಚೆ: ‘ಬ್ರೇಕ್ ಹಿಡೀತಿಲ್ಲ’, ‘ಬ್ರೇಕ್ ಹಿಡ್ಕೊಂಡಿದೆ’ – ಇದು ಯಾವ ‘ಕೊಳ್ಳು’?

ಬಲ್ಲವರಿಗೆಲ್ಲ ನಮಸ್ಕಾರ.

ಎರಡು ವಾಕ್ಯ ಮುಂದಿಡುತ್ತೇನೆ. ಎರಡೂ ಒಬ್ಬರೇ ಮೇಸ್ತ್ರಿಯ ಬಾಯಿಂದ, ಒಂದೇ ಕಾರಿನ ವಿಷಯಕ್ಕೆ, ಹತ್ತು ನಿಮಿಷದ ಅಂತರದಲ್ಲಿ ಬಂದವು.

“ಮುಂದಿನ ಎರಡೂ ಚಕ್ರಕ್ಕೆ ಬ್ರೇಕ್ ಹಿಡೀತಿಲ್ಲ ಅಮ್ಮಾ.”

“ಹಿಂದಗಡೆ ಎಡಗಡೇದು ಬ್ರೇಕ್ ಹಿಡ್ಕೊಂಡಿದೆ ಅಮ್ಮಾ.”

ಮೊದಲನೆಯದರಲ್ಲಿ ಕಾರು ನಿಲ್ಲುವುದಿಲ್ಲ. ಎರಡನೆಯದರಲ್ಲಿ ಕಾರು ಹೊರಡುವುದೇ ಇಲ್ಲ. ‘ಹಿಡೀತಿಲ್ಲ’ ಅನ್ನುವುದು ರೋಗವಾದರೆ ‘ಹಿಡೀತಿದೆ’ ಅನ್ನುವುದು ಆರೋಗ್ಯ, ಸರಿ. ಆದರೆ ‘ಹಿಡ್ಕೊಂಡಿದೆ’ ಅಂದ ತಕ್ಷಣ ಅದು ಮತ್ತೆ ರೋಗ, ಅದೂ ಮೊದಲಿನದಕ್ಕೆ ಪೂರ್ತಿ ತಿರುಗುಮುರುಗಾದ ರೋಗ. ಇಷ್ಟೆಲ್ಲ ಮಾಡುತ್ತಿರುವುದು ಒಂದು ‘ಕೊಳ್ಳು’. ಶಾಲೆಯಲ್ಲಿ ನಮಗೆ ಇದನ್ನು ಆತ್ಮಾರ್ಥಕ ಅಂತ ಹೇಳಿಕೊಟ್ಟರು: ಮಾಡು–ಮಾಡಿಕೊ, ಬಡಿಸು–ಬಡಿಸಿಕೊ, ತನಗಾಗಿ ತಾನೇ ಮಾಡುವುದು. ಚಕ್ರದೊಳಗೆ ಕೂತ ಬ್ರೇಕಿಗೆ ಯಾವ ಆತ್ಮ, ಯಾವ ಅರ್ಥ? ನನ್ನ ಪ್ರಶ್ನೆ ಇದೇ. ಮುಂದಿನದೆಲ್ಲ ಅದರ ಹಿನ್ನೆಲೆ. ಕಾರಿನ ಗೊಡವೆ ಬೇಡದವರು ನಾಲ್ಕಾರು ಪ್ಯಾರಾ ಹಾರಿಸಿ ಓದಬಹುದು.

ಕಾರು ನನ್ನ ಸೋದರಮಾವನದು. 1978ರ ಪ್ರೀಮಿಯರ್ ಪದ್ಮಿನಿ. ಕಂಪನಿ ಈ ಹೆಸರಿಟ್ಟದ್ದು 1974ರಲ್ಲಿ, ಚಿತ್ತೋಡಿನ ರಾಣಿಯ ಹೆಸರು. ಆದರೆ ನಮ್ಮ ಮಲ್ಲೇಶ್ವರದ ಬೀದಿಯಲ್ಲಿ ಅದನ್ನು ಪದ್ಮಿನಿ ಅಂತ ಕರೆದವರನ್ನು ನಾನು ಕಾಣೆ. ಎಲ್ಲರಿಗೂ ಅದು ‘ಫಿಯಟ್ಟು’. ಆರ್‌ಸಿ ಪುಸ್ತಕದಲ್ಲಿ ರಾಣಿ, ಬಾಯಲ್ಲಿ ಇಟಲಿ. 1989ರಲ್ಲಿ ‘ಕೆಎ’ ಬರುವುದಕ್ಕೂ ಮುಂಚಿನ ನಂಬರು, ಸ್ಟಿಯರಿಂಗ್ ಪಕ್ಕದಲ್ಲೇ ಗೇರು. ಆ ಗೇರಿಗೆ ‘ಹ್ಯಾಂಡ್ ಗೇರ್’ ಅನ್ನುತ್ತಾರೆ, ಮಿಕ್ಕ ಕಾರುಗಳ ಗೇರನ್ನೆಲ್ಲ ಕಾಲಿನಲ್ಲಿ ಹಾಕುತ್ತಾರೇನೋ ಅನ್ನುವ ಹಾಗೆ. ಮಾವ ಹೋದ ಮೇಲೆ ಹನ್ನೊಂದು ವರ್ಷ ಹೊಂಗೆ ಮರದ ಕೆಳಗೆ ನಿಂತೇ ಇತ್ತು. ಪ್ರತಿ ಯುಗಾದಿಗೆ ಹೊಂಗೆ ಹೊಸ ಎಲೆ ಬಿಟ್ಟಾಗ ಹಳೆಯದೆಲ್ಲ ಬಾನೆಟ್ಟಿನ ಮೇಲೆ. ನಾವು ನೋಡಿಕೊಂಡೇ ಓಡಾಡಿದೆವು. (ಈ ‘ನೋಡಿಕೊಂಡು’ ಕೂಡ ಲೆಕ್ಕಕ್ಕೆ ಇಟ್ಟುಕೊಳ್ಳಿ.)

ಹೋದ ವರ್ಷ ನನ್ನ ತಂಗಿಯ ಮಗ ಅದನ್ನು ಮತ್ತೆ ಓಡಿಸಲೇಬೇಕು ಅಂತ ಹಟ ಹಿಡಿದ. ಮೊದಲು ತೋರಿಸಿದ ಗ್ಯಾರೇಜಿನವರು ಬಾನೆಟ್ ಕೂಡ ಎತ್ತದೆ “ಗುಜರಿಗೆ ಹಾಕಿ” ಅಂದರು. ಎರಡನೆಯವರು ಶಿವಾಜಿನಗರದ ಕಡೆಯ ಹಿರಿಯ ಮೇಸ್ತ್ರಿ, ಎಲ್ಲರೂ ‘ಭಾಯ್’ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಅವರು ಸುತ್ತ ಒಂದು ಸುತ್ತು ಬಂದು, ಬಗ್ಗಿ ತಳ ನೋಡಿ, “ಗುಜರಿಯಿಂದ ಸಾಮಾನು ತರೋಣ ಅಮ್ಮಾ, ಆಗುತ್ತೆ” ಅಂದರು. ಗುಜರಿಗೆ ಹಾಕುವುದಕ್ಕೂ ಗುಜರಿಯಿಂದ ತರುವುದಕ್ಕೂ ಒಂದೇ ಜಾಗ. ಜೆ.ಸಿ. ರೋಡಿನಲ್ಲಿ ಸಿಕ್ಕಿದ್ದು ಹೊಸದು, ಶಿವಾಜಿನಗರದಲ್ಲಿ ಸಿಕ್ಕಿದ್ದು ಇನ್ನೊಂದು ಫಿಯಟ್ಟಿನ ಅಂಗಾಂಗ.

ಈಗ ಪದಗಳಿಗೆ ಬರೋಣ.

ಇಂಜಿನ್ನೂ ‘ಹಿಡ್ಕೊಂಡಿತ್ತು’. ನಾಲ್ಕು ಸಿಲಿಂಡರು, 1089 ಸಿಸಿ. ವರ್ಷಗಟ್ಟಲೆ ನಿಂತ ಇಂಜಿನ್ನಿನಲ್ಲಿ ಯಾವುದಾದರೂ ಸಿಲಿಂಡರಿನ ವಾಲ್ವ್ ತೆರೆದೇ ನಿಂತಿರುತ್ತದಂತೆ. ಅದರ ಮೂಲಕ ಥಂಡಿ ಒಳಗೆ ಹೋಗಿ ಪಿಸ್ಟನ್ನಿನ ರಿಂಗುಗಳು ಬೋರಿಗೆ, ಅಂದರೆ ಸಿಲಿಂಡರಿನ ಒಳಗೋಡೆಗೆ, ಅಂಟಿಕೊಳ್ಳುತ್ತವೆ. ಭಾಯ್ ನಾಲ್ಕೂ ಪ್ಲಗ್ ಬಿಚ್ಚಿ, ಆ ತೂತುಗಳಿಗೆ ಡೀಸೆಲ್ಲೂ ಆಯಿಲ್ಲೂ ಬೆರೆಸಿ ಸುರಿದು, ಐದು ದಿನ ಮುಟ್ಟಬೇಡಿ ಅಂದರು. ಆರನೆಯ ದಿನ ನಾಲ್ಕನೇ ಗೇರಿಗೆ ಹಾಕಿ, ಇಬ್ಬರು ಹುಡುಗರು ಹಿಂದೆ ಮುಂದೆ ತೂಗಿದರು. ತೊಟ್ಟಿಲು ತೂಗಿದ ಹಾಗೆ, ನಿಧಾನವಾಗಿ. ಎಷ್ಟೋ ಹೊತ್ತು ಏನೂ ಇಲ್ಲ. ಆಮೇಲೆ ಎಲ್ಲೋ ಒಳಗೆ ‘ಟಕ್’ ಅಂತ ಒಂದು ಸಣ್ಣ ಸದ್ದು. ಹುಡುಗನೊಬ್ಬ ಕೂಗಿದ: “ಬಿಟ್ಕೊಳ್ತು!”

ನೋಡಿ, ಬಿಡುವುದಕ್ಕೂ ‘ಕೊಳ್ಳು’ ಬೇಕಾಯಿತು. ‘ಬಿಟ್ಟಿತು’ ಅಂದಿದ್ದರೆ ಸಾಕಾಗುತ್ತಿರಲಿಲ್ಲ, ಏನನ್ನು ಬಿಟ್ಟಿತು ಅಂತ ಕೇಳಬೇಕಾಗುತ್ತಿತ್ತು. ಹೊಲಿಗೆ ಬಿಟ್ಟುಕೊಂಡಿತು, ಚಪ್ಪಲಿಯ ಅಂಟು ಬಿಟ್ಟುಕೊಂಡಿತು ಅನ್ನುವ ಜಾತಿಯದು ಇದು.

ಇಷ್ಟರ ಮಟ್ಟಿಗೆ ವ್ಯಾಕರಣ ಬಲ್ಲವರು ಹೇಳುವ ಉತ್ತರ ನನಗೆ ಗೊತ್ತು. ‘ಬಾಗಿಲು ತೆರೆ’ ಅಂದರೆ ತೆರೆಯುವವರು ಬೇಕು. ‘ಬಾಗಿಲು ತೆರೆದುಕೊಂಡಿತು’ ಅಂದರೆ ಬೇಡ. ಸಕರ್ಮಕ ಧಾತುವಿಗೆ ‘ಕೊಳ್ಳು’ ಸೇರಿಸಿದರೆ ಕರ್ತೃ ಕಳಚಿ ಬಿದ್ದು, ಕರ್ಮವೇ ಬಂದು ಕರ್ತೃವಿನ ಕುರ್ಚಿಯಲ್ಲಿ ಕೂರುತ್ತದೆ. ಮುಚ್ಚಿಕೊಂಡಿತು, ಸುತ್ತಿಕೊಂಡಿತು, ಮಡಿಚಿಕೊಂಡಿತು ಎಲ್ಲ ಹೀಗೆಯೇ. ಆದರೆ ‘ಬ್ರೇಕ್ ಹಿಡ್ಕೊಂಡಿದೆ’ಗೆ ಇದು ಹೊಂದುವುದಿಲ್ಲ ಅಂತ ನನ್ನ ತಕರಾರು. ಬಾಗಿಲು ತೆರೆಯಲ್ಪಡುವ ವಸ್ತು. ಬ್ರೇಕು ಹಿಡಿಯಲ್ಪಡುವ ವಸ್ತುವಲ್ಲ, ಅದು ಹಿಡಿಯುವ ವಸ್ತು. ಅದರ ಕಸುಬೇ ಹಿಡಿಯುವುದು. ಕರ್ತೃ ಎಲ್ಲೂ ಕಳಚಿಲ್ಲ. ಅಲ್ಲೇ, ತನ್ನ ಕುರ್ಚಿಯಲ್ಲೇ ಕೂತಿದೆ.

ಹಾಗಾದರೆ? ಭಾಯಿಯವರನ್ನೇ ಕೇಳಿದೆ, “ಯಾವುದು ಯಾವುದನ್ನ ಹಿಡ್ಕೊಂಡಿದೆ?” ಅಂತ. ಅವರು ಆಗ ಚಕ್ರ ಕಳಚಿ, ಡ್ರಮ್ಮಿನ ಅಂಚಿನ ಸುತ್ತ ಸುತ್ತಿಗೆಯಿಂದ ಮೆತ್ತಗೆ ತಟ್ಟುತ್ತಿದ್ದರು. (ಈ ಕಾರಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕೇ: ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ಒಳಗಿನಿಂದ ‘ಶೂ’ ಒತ್ತಿ ನಿಲ್ಲಿಸುವಂಥದ್ದು.) ನನ್ನ ಪ್ರಶ್ನೆ ಅವರಿಗೆ ಹುಚ್ಚುಚ್ಚಾಗಿ ಕೇಳಿಸಿರಬೇಕು. ಡ್ರಮ್ಮು ಈಚೆಗೆ ಬಂದ ಮೇಲೆ ತೋರಿಸಿದರು. ಒಳಗೆ ಚಟ್ನಿಪುಡಿ ಬಣ್ಣದ ಪುಡಿ, ಒಂದು ಹಿಡಿ ಆದೀತು. ಅದನ್ನು ಊದಿದಾಗ ಡ್ರಮ್ಮಿನ ಗೋಡೆಯ ಮೇಲೆ ಬ್ರೇಕ್ ಶೂವಿನ ಪೂರ್ತಿ ಅಚ್ಚು, ಹಪ್ಪಳದ ಮೇಲೆ ಬೆರಳು ಒತ್ತಿದ ಹಾಗೆ. ಶೂವಿನ ಮೇಲೆ ಡ್ರಮ್ಮಿನ ತುಕ್ಕು, ಡ್ರಮ್ಮಿನ ಮೇಲೆ ಶೂವಿನ ಲೈನಿಂಗಿನ ಚೂರು. “ಒಂದನ್ನೊಂದು ಹಿಡ್ಕೊಂಡಿದ್ವು” ಅಂದರು ಭಾಯ್.

ಒಂದನ್ನೊಂದು! ನನಗೆ ಹೊಳೆಯದೆ ಇದ್ದದ್ದು ಇದು. ಕನ್ನಡದಲ್ಲಿ ‘ಕೊಳ್ಳು’ಗೆ ಪರಸ್ಪರಾರ್ಥವೂ ಇದೆಯಲ್ಲ: ಇಬ್ಬರೂ ಹೊಡೆದುಕೊಂಡರು, ಬೈದುಕೊಂಡರು, ಮಾತಾಡಿಕೊಂಡರು. ‘ಹಿಡ್ಕೊಂಡಿದೆ’ ಈ ಸಾಲಿನದಿರಬಹುದೇ? ಪಿಸ್ಟನ್ನಿಗೂ ಬೋರಿಗೂ, ಬೋಲ್ಟಿಗೂ ನಟ್ಟಿಗೂ, ಮಳೆಗಾಲದಲ್ಲಿ ಉಬ್ಬಿದ ಬಾಗಿಲಿಗೂ ಚೌಕಟ್ಟಿಗೂ – ಎಲ್ಲಿ ‘ಹಿಡ್ಕೊಂಡಿದೆ’ ಅನ್ನುತ್ತೇವೋ ಅಲ್ಲೆಲ್ಲ ಎರಡು ವಸ್ತು ಇದ್ದೇ ಇವೆ. ಏಕವಚನ ಮಾತ್ರ ಅಡ್ಡ ಬರುತ್ತದೆ. ‘ಅವರು ಹೊಡೆದುಕೊಂಡರು’ ಅನ್ನಬಹುದು, ‘ಅವನು ಹೊಡೆದುಕೊಂಡ’ ಅಂದರೆ ಕಪಾಳ ಅವನದೇ. ‘ಹಿಡ್ಕೊಂಡಿದೆ’ಯಲ್ಲಿ ಇರುವುದು ಏಕವಚನ.

ಇನ್ನೂ ದೊಡ್ಡ ಅಡ್ಡಿ ಸೊಂಟದ್ದು. ‘ಸೊಂಟ ಹಿಡ್ಕೊಂಡಿದೆ’ ಅನ್ನುತ್ತೇವೆ. ಅಲ್ಲಿ ಏನು ಏನನ್ನು ಹಿಡಿಯಿತು? ಮತ್ತೆ, ಗ್ಯಾರೇಜಿನಲ್ಲಿ ಕೇಳಿದ ಬೇರೆ ಮಾತುಗಳನ್ನು ಗುರುತು ಹಾಕಿಕೊಳ್ಳುತ್ತಾ ಹೋದರೆ ಅವೆಲ್ಲ ಮೈಯ ಮಾತುಗಳೇ. ಕಾರ್ಬುರೇಟರಿನ ಜೆಟ್ (ಪೆಟ್ರೋಲು ಹಾಯುವ ಸಣ್ಣ ತೂತಿನ ಬಿಡಿಭಾಗ) ‘ಕಟ್ಕೊಂಡಿದೆ’, ನೆಗಡಿಯಾದಾಗ ಮೂಗು ಕಟ್ಟಿಕೊಳ್ಳುವ ಹಾಗೆ. ಪೆಟ್ರೋಲಿನ ಹಳೇ ರಬ್ಬರ್ ಪೈಪು ‘ಉಬ್ಕೊಂಡಿದೆ’, ಹೊಟ್ಟೆ ಉಬ್ಬಿಕೊಳ್ಳುವ ಹಾಗೆ. (ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್, ಆ ಕಾಲದ ರಬ್ಬರಿಗೆ ಅದು ಒಗ್ಗುವುದಿಲ್ಲ, ಎಲ್ಲ ಪೈಪೂ ಬದಲಾಯಿಸಬೇಕಾಯಿತು.) ವೈರುಗಳು ‘ಸುಟ್ಕೊಂಡಿವೆ’. ಬಾಗಿಲ ಕೆಳಗಿನ ತಗಡಂತೂ ಬೆರಳಿಟ್ಟರೆ ಒಳಗೇ ಹೋಗುತ್ತಿತ್ತು. ಪತ್ರಿಕೆಯವರು ಇಂಥ ಕೆಲಸಕ್ಕೆ ‘ಜೀರ್ಣೋದ್ಧಾರ’ ಅನ್ನುತ್ತಾರೆ, ದೇವಸ್ಥಾನಕ್ಕೂ ಕೆರೆಗೂ ಅಂದ ಹಾಗೆ. ಇಲ್ಲಿ ಉದ್ಧಾರ ಆಮೇಲಿನ ಮಾತು, ತಗಡನ್ನು ತುಕ್ಕು ಆಗಲೇ ಜೀರ್ಣಿಸಿಕೊಂಡಿತ್ತು.

ತುಕ್ಕಿನ ವಿಷಯಕ್ಕೆ ಬಂದಾಗ ಇನ್ನೊಂದು ಗಮನಿಸಿ. ‘ಕಬ್ಬಿಣಕ್ಕೆ ತುಕ್ಕು ಹಿಡಿದಿದೆ’ – ಇಲ್ಲಿ ‘ಕೊಳ್ಳು’ ಬೇಕಿಲ್ಲ. ಕಾರ್ಬುರೇಟರಿನ ಜೆಟ್ಟು ಹಿತ್ತಾಳೆಯದು, ಅದಕ್ಕೆ ಕಿಲುಬು ಹಿಡಿದಿತ್ತು, ಅಲ್ಲೂ ಬೇಕಿಲ್ಲ. (ನನ್ನ ತಂಗಿಯ ಮಗ ಎರಡಕ್ಕೂ ತುಕ್ಕು ಅಂದ. ಹಿತ್ತಾಳೆಗೆ ತುಕ್ಕು ಹಿಡಿಯುವುದಿಲ್ಲ ಮಾರಾಯ ಅಂತ ತಿದ್ದಿದೆ. ಮನೆಯಲ್ಲಿ ಹಿತ್ತಾಳೆ ಪಾತ್ರೆಗೆ ಹುಣಿಸೆಹಣ್ಣು ಹಾಕಿ ತಿಕ್ಕುವುದು ನಿಂತ ಮೇಲೆ ಈ ಪದವೂ ಹೋಗುತ್ತಿದೆ.) ಬೂಷ್ಟು ಹಿಡಿ, ಗೆದ್ದಲು ಹಿಡಿ, ಹುಚ್ಚು ಹಿಡಿ, ಶನಿ ಹಿಡಿ: ಹೊರಗಿನಿಂದ ಬಂದು ಹಿಡಿಯುವವಕ್ಕೆ ಬರೀ ‘ಹಿಡಿ’, ಹಿಡಿಸಿಕೊಂಡವರಿಗೆ ಚತುರ್ಥಿ ವಿಭಕ್ತಿ (‘ಗೆ’, ‘ಕ್ಕೆ’). ‘ಸೊಂಟ ಹಿಡ್ಕೊಂಡಿದೆ’ಯಲ್ಲಿ ಹೊರಗಿನಿಂದ ಯಾರೂ ಬಂದಿಲ್ಲ. ಬ್ರೇಕಿನದೂ ಹಾಗೇ. ಹೇಳಿದಾಗ ಹಿಡಿದರೆ ಹಿಡಿಯುವುದು, ಯಾರೂ ಹೇಳದೆ ತಾನಾಗಿ ಹಿಡಿದು ಬಿಡದೆ ಕೂತರೆ ಹಿಡಿದುಕೊಳ್ಳುವುದು. ಆತ್ಮಾರ್ಥಕದ ‘ಆತ್ಮ’ ಅಂದರೆ ಇಲ್ಲಿ ‘ತನಗಾಗಿ’ ಅಲ್ಲ, ‘ತಾನಾಗಿ’ ಅಂತ ಓದಿಕೊಂಡರೆ ಗಂಟು ಬಿಚ್ಚುತ್ತದೆ ಅನ್ನಿಸುತ್ತದೆ. ಆದರೆ ಹಾಗೆ ಓದಿದರೆ ಭಾಯಿಯವರ ‘ಒಂದನ್ನೊಂದು’ ಕೈಬಿಡಬೇಕು. ಡ್ರಮ್ಮಿನ ಆ ಅಚ್ಚನ್ನು ಕಣ್ಣಾರೆ ನೋಡಿದವಳಿಗೆ ಅದು ಸುಲಭವಲ್ಲ.

ನೆರೆಹೊರೆಯ ಸಾಕ್ಷಿಯೂ ಇದೆ. ಬೆಂಗಳೂರಿನ ಗ್ಯಾರೇಜಿನಲ್ಲಿ ಒಂದು ನಟ್ಟು ಬಿಚ್ಚುವಷ್ಟರಲ್ಲಿ ಮೂರು ಭಾಷೆ ಓಡಾಡುತ್ತವೆ. ಭಾಯ್ ತಮ್ಮ ಹುಡುಗನಿಗೆ ದಖ್ಖನಿಯಲ್ಲಿ ಹೇಳಿದ್ದು “ಪಕಡ್ ಲಿಯಾ”. ಪಕಡ್ ಅಂದರೆ ಹಿಡಿ, ಲಿಯಾ ಅಂದರೆ ತೆಗೆದುಕೊಂಡ. ತಮಿಳಿನ ವೆಲ್ಡಿಂಗ್ ಹುಡುಗ ಅದನ್ನೇ “ಪಿಡಿಚ್ಚುಕ್ಕಿಚ್ಚು” ಅಂದ. ಅದೂ ಪಿಡಿ, ಕೊಳ್. ನಮ್ಮ ಹಳಗನ್ನಡದ ‘ಪಿಡಿ’ಯೇ ‘ಹಿಡಿ’ ಆದದ್ದು, ಹಾಗಾಗಿ ಅಕ್ಷರಕ್ಕೆ ಅಕ್ಷರ ನಮ್ಮದೇ ಮಾತು. ಆದರೆ ತೆಲುಗಿನವರು ಸೊಂಟಕ್ಕೆ ‘ನಡುಮು ಪಟ್ಟೇಸಿಂದಿ’ ಅನ್ನುತ್ತಾರೆ. ಅಲ್ಲಿರುವುದು ನಮ್ಮ ‘ಕೊಳ್ಳು’ವಿಗೆ ಸಮನಾದ ‘ಕೊನು’ ಅಲ್ಲ, ‘ವೇಯು’, ಎಸೆಯುವ, ಹಾಕುವ ಕ್ರಿಯಾಪದ. ನಾವು ತೆಗೆದುಕೊಳ್ಳುವ ಕಡೆ ಅವರು ಎಸೆದುಬಿಟ್ಟರು. ಇದಕ್ಕೆ ಯಾರಾದರೂ ಏನಾದರೂ ಹೇಳಿಯಾರೇ?

ನಕ್ಕುಬಿಡಬಹುದಾದ ಇನ್ನೊಂದು: ಬ್ಯಾಟರಿ ಹೊಸದು ಹಾಕಿ ಕೀ ತಿರುಗಿಸಿದಾಗ ಭಾಯ್ ಅಂದದ್ದು “ಸೆಲ್ಫ್ ತಗೋತಾ ಇಲ್ಲ”. ಸ್ಟಾರ್ಟರ್ ಮೋಟರಿಗೆ ನಮ್ಮಲ್ಲಿ ಬರೀ ‘ಸೆಲ್ಫ್’. ಆತ್ಮವೂ ಇದೆ, ತೆಗೆದುಕೊಳ್ಳುವುದೂ ಇದೆ, ಆದರೂ ಇದು ಆತ್ಮಾರ್ಥಕ ಅಂತ ಯಾವ ಮೇಷ್ಟರೂ ಒಪ್ಪಲಾರರು.

ನನಗೆ ಬೇಕಾಗಿರುವುದು ಇಷ್ಟು. ‘ಹಿಡಿದುಕೊಳ್ಳು’ವಿನ ಈ ಅರ್ಥ ಯಂತ್ರಗಳು ಬರುವುದಕ್ಕೆ ಮುಂಚೆ ಯಾವುದಕ್ಕೆ ಬಳಕೆಯಲ್ಲಿತ್ತು? ಗಾಡಿಯ ಅಚ್ಚು, ಏತ, ಗಾಣ, ಬೀಸುವ ಕಲ್ಲಿನ ಗೂಟ – ಇವು ತಿರುಗದೆ ನಿಂತಾಗ ನಿಮ್ಮ ಕಡೆ ಏನನ್ನುತ್ತಿದ್ದರು? ಧಾರವಾಡ, ಕಲಬುರಗಿ ಕಡೆಯವರು ‘ಹಿಡಕೊಂಡೈತಿ’ ಅನ್ನುತ್ತೀರೋ, ಬರೀ ‘ಜಾಮ್ ಆಗೈತಿ’ಯೋ? ಕರಾವಳಿಯವರು? ಮತ್ತೆ, ‘ಎಲ್ಲೋ ಹಿಡೀತಾ ಇದೆ’ (ಓಡುವಾಗ ಎಲ್ಲೋ ಉಜ್ಜುತ್ತಿದೆ) ಅನ್ನುವ ಪ್ರಯೋಗವನ್ನು ಮೇಲಿನ ಯಾವ ಗೂಡಿನಲ್ಲಿ ಇಡಬೇಕು? ನಾನು ಎಲ್ಲಿಟ್ಟರೂ ಅದು ಹೊರಗೆ ಬೀಳುತ್ತಿದೆ.

ಕಾರು ಏನಾಯಿತು ಅಂತ ಕೇಳುವವರಿಗೆ: ಬ್ರೇಕು ಈಗ ನಾಲ್ಕಕ್ಕೂ ಹಿಡಿಯುತ್ತಿದೆ, ಯಾವುದೂ ಹಿಡ್ಕೊಂಡಿಲ್ಲ. ಆರ್‌ಟಿಒದಲ್ಲಿ ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಪತ್ರ) ಆಗಬೇಕು, ಅದಾಯಿತೆಂದರೆ ಐದು ವರ್ಷಕ್ಕೆ ನಿಶ್ಚಿಂತೆ. ಐವತ್ತು ತುಂಬಿದ ಮೇಲೆ ಅದನ್ನು ‘ವಿಂಟೇಜ್’ ಅಂತ ಬರೆಸಬಹುದು, 2021ರಲ್ಲಿ ಬಂದ ನಿಯಮ. ಆದರೆ ಹಾಗೆ ಬರೆಸಿದರೆ ದಿನಾ ಓಡಿಸುವಂತಿಲ್ಲ. ನಮಗೆ ಬೇಕಾಗಿರುವುದು ಎಂಟನೇ ಕ್ರಾಸಿಗೆ ತರಕಾರಿಗೆ ಹೋಗುವುದಕ್ಕೆ.

ಮೊನ್ನೆ ಭಾನುವಾರ ಬೆಳಗ್ಗೆ ಹಾಗೆಯೇ ಹೊರಟೆವು. ಮೂಲೆ ತಿರುಗುವಾಗ ನನ್ನ ತಂಗಿಯ ಮಗ ಹಾರ್ನ್ ಒತ್ತಿದ, ಕೈ ತೆಗೆದ, ಹಾರ್ನ್ ನಿಲ್ಲಲಿಲ್ಲ. ಎದುರು ಮನೆಯ ಅಜ್ಜಿ ಬಾಗಿಲಿಗೆ ಬಂದರು, ಹಾಲಿನವನು ಸೈಕಲ್ ಇಳಿದ. ಫೋನಿನಲ್ಲಿ ಆ ಗದ್ದಲ ಕೇಳಿಸಿಕೊಂಡೇ ಭಾಯ್ ಅಂದರು, “ಹಾರ್ನ್ ಹಿಡ್ಕೊಂಡಿದೆ ಅಮ್ಮಾ, ಮೊದಲು ಬ್ಯಾಟರಿ ವೈರ್ ಕೀಳಿ.”