ಸುಮಾ, ಅಪ್ಪನ ಬಿಪಿ ಮಾತ್ರೆ ನಿಲ್ಲಿಸಬೇಡ

ಸುಮಾ, ಈಗಷ್ಟೇ ನೋಡಿದೆ ನಿನ್ನ ಮೆಸೇಜು. ಅಪ್ಪನ ಒಸಡು ಊದಿದೆ, ಹಲ್ಲುಜ್ಜಿದರೆ ರಕ್ತ ಬರುತ್ತದೆ, ಬಿಪಿ ಮಾತ್ರೆಯಿಂದಲೇ ಅಂತೆ, ನಿಲ್ಲಿಸಿಬಿಡೋಣವಾ ಅಂತ ಕೇಳಿದ್ದೀಯ. ಬೇಡಮ್ಮಾ. ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡ.

ನಿಮ್ಮ ದೊಡ್ಡಪ್ಪನಿಗೂ ಇದೇ ಆಗಿತ್ತಲ್ಲ. ಆಮ್ಲೋಡಿಪಿನ್ ಅನ್ನೋ ಬಿಪಿ ಮಾತ್ರೆ ತಗೊಳ್ಳುತ್ತಿದ್ದರು. ಮುಂದಿನ ಹಲ್ಲುಗಳ ಸಂದಿಯಲ್ಲಿ ಒಸಡು ಗಂಟು ಗಂಟಾಗಿ ಬೆಳೆದು ಅರ್ಧ ಹಲ್ಲೇ ಮುಚ್ಚಿಹೋಗಿತ್ತು. ಬ್ರಷ್ ಸಂದಿಗೆ ಹೋಗುತ್ತಲೇ ಇರಲಿಲ್ಲ. ವಾಕಿಂಗಿಗೆ ಬರುವವರೊಬ್ಬರು ‘ಇದು ಮಾತ್ರೆಯದೇ ಕೆಲಸ’ ಅಂದರು. ಅದೇನೂ ಸುಳ್ಳಲ್ಲ. ಆಮ್ಲೋಡಿಪಿನ್, ನಿಫೆಡಿಪಿನ್ ಥರದವು ಕೆಲವರಿಗೆ ಒಸಡು ಬೆಳೆಸುತ್ತವೆ, ಹಲ್ಲಿನ ಮೇಲೆ ಪಾಚಿ ಕಟ್ಟಿದ್ದರೆ ಇನ್ನೂ ಜಾಸ್ತಿ. ಆದರೆ ದೊಡ್ಡಪ್ಪ ನನಗೂ ಹೇಳದೆ ಮಾತ್ರೆ ಬಿಟ್ಟರು! ಹಲ್ಲು ಕೀಳಿಸೋಕೆ ಹೋದಾಗ ಬಿಪಿ 190/110. ತಲೆಸುತ್ತಿಲ್ಲ, ತಲೆನೋವಿಲ್ಲ, ಏನೂ ಗೊತ್ತೇ ಆಗಿಲ್ಲ. ಇವತ್ತು ಹಲ್ಲು ಮುಟ್ಟೋದಿಲ್ಲ, ಮೊದಲು ಬಿಪಿ ಡಾಕ್ಟರ ಹತ್ತಿರ ಹೋಗಿ ಅಂತ ಹಲ್ಲಿನ ಡಾಕ್ಟರು ಕಳಿಸಿದರು. ನನ್ನ ಕೈಕಾಲೇ ಆಡಲಿಲ್ಲ. ಆಮೇಲೆ ಡಾಕ್ಟರೇ ಬೇರೆ ಮಾತ್ರೆ ಬರೆದರು, ಹಲ್ಲು ಕ್ಲೀನ್ ಮಾಡಿಸಿದೆವು, ಬರಬರುತ್ತಾ ಒಸಡು ಇಳಿಯಿತು.

ಅಣ್ಣ ತಮ್ಮ ಇಬ್ಬರದೂ ಒಂದೇ ಹಟ, ನಿಂಗೂ ಗೊತ್ತು. ಮತ್ತೆ ಹೇಳುತ್ತೇನೆ, ಡಾಕ್ಟರ್ ಹೇಳದೆ ಮಾತ್ರೆ ನಿಲ್ಲಿಸಬೇಡಿ.

ಹಲ್ಲು ಸರಿಯಿಲ್ಲದಿದ್ದರೆ ಊಟವೂ ಕೆಡುತ್ತದೆ. ತರಕಾರಿ ಅಗಿಯೋಕಾಗದೆ ಇವರು ದಿನಾ ಅನ್ನ, ಸಾರು, ಉಪ್ಪಿನಕಾಯಿ ಅಂತಲೇ ಇದ್ದರು. ಬಿಪಿಗೆ ಆ ಉಪ್ಪು ಬೇಕಿತ್ತಾ? ಮೊನ್ನೆ ಗೃಹಪ್ರವೇಶದಲ್ಲೂ ಅಷ್ಟೇ. ವಯಸ್ಸಾದವರೆಲ್ಲ ತಟ್ಟೆ ಹಿಡಿದು ಕ್ಯೂನಲ್ಲಿ ನಿಂತಿದ್ದೆವು. ನಮ್ಮ ಸರದಿ ಬರುವಷ್ಟರಲ್ಲಿ ಮೊಸರನ್ನ ಖಾಲಿ. ಉಳಿದದ್ದು ಚಕ್ಕುಲಿ, ಕಾಳಿನ ಉಸಲಿ. ಒಬ್ಬರಾದರೂ ಬಂದು ನಿಮಗೇನು ಬೇಕು ಅಂತ ಕೇಳಲಿಲ್ಲ. ನಮ್ಮತ್ತೆ ಕಾಲದಲ್ಲಿ ಹಿರಿಯರನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ ಬಡಿಸುತ್ತಿದ್ದರು. ಮನಸ್ಸಿಗೆ ತುಂಬಾ ನೋವಾಯಿತು, ಯಾರಿಗೂ ಹೇಳಿರಲಿಲ್ಲ.

ಅಯ್ಯೋ, ನಾಳೆ ಅಪ್ಪನನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೀಯ ಅಲ್ವಾ? ಬೆಳಗಿನ ಬಿಪಿ ಮಾತ್ರೆ ಕೊಟ್ಟು, ತಿಂಡಿ ತಿನ್ನಿಸಿಯೇ ಹೊರಡು. ಮಾತ್ರೆಗಳ ಸ್ಟ್ರಿಪ್ ಎಲ್ಲಾ ಚೀಲಕ್ಕೆ ಹಾಕಿಕೋ, ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಅದನ್ನೂ ತೋರಿಸು. ಮೊದಲು ಬಿಪಿ ನೋಡಿ ಅಂತ ನೀನೇ ಹೇಳು. 180/110 ದಾಟಿದ್ದರೆ, ತುರ್ತು ಇಲ್ಲದಿದ್ದರೆ ಸಾಮಾನ್ಯವಾಗಿ ಹಲ್ಲು ಕೀಳೋದನ್ನು ಮುಂದಕ್ಕೆ ಹಾಕುತ್ತಾರೆ. ನೋವಿಗೆ ಅಂಗಡಿಯಿಂದ ಐಬುಪ್ರೊಫೆನ್, ಡೈಕ್ಲೊಫೆನಾಕ್ ತಂದು ಕೊಡಬೇಡ, ಬಿಪಿ ಏರಬಹುದು. ಕೆಲಸ ಮುಗಿದ ಮೇಲೆ ಕುರ್ಚಿಯಿಂದ ದಡಕ್ಕನೆ ಎಬ್ಬಿಸಬೇಡ, ಸ್ವಲ್ಪ ಹೊತ್ತು ಕೂರಿಸಿ ಕೈ ಹಿಡಿದು ಎಬ್ಬಿಸು. ಆಮೇಲೆ ಬಿಪಿ ಡಾಕ್ಟರಿಗೂ ಒಸಡು ತೋರಿಸು, ಮಾತ್ರೆ ಬದಲಿಸೋದು ಅವರ ಕೆಲಸ.

ಬಿಪಿ ಎಷ್ಟು ಬಂತು ಅಂತ ಇಲ್ಲೇ ಹಾಕು, ಫೋನ್ ಹತ್ತಿರವೇ ಇಟ್ಟುಕೊಂಡಿರುತ್ತೇನೆ.