ಎರೆ ಹೊಲದ ಗೊದ್ದ, ಮಸಾರಿ ಗೊದ್ದ: ಒಂದೇ ಪ್ರಭೇದವೇ, ಬೇರೆಯಾಗುತ್ತಿವೆಯೇ?

ಪ್ರಶ್ನೆ (ಸಿರುಗುಪ್ಪ)
ನಮ್ಮ ಕಡೆಯ ಎರೆ (ಕರಿಮಣ್ಣಿನ) ಹೊಲದ ಬದುವಿನಲ್ಲಿ ಸಿಗುವ ಗೊದ್ದ, ಅಂದರೆ ದೊಡ್ಡ ಕಪ್ಪು ಇರುವೆ, ಕಾಲಿನ ತುದಿವರೆಗೂ ಕಡುಗಪ್ಪು. ಹೊಳೆ ದಾಟಿ ಗಂಗಾವತಿ ಮಸಾರಿಗೆ (ಕೆಂಪುಮಣ್ಣಿನ ನೆಲಕ್ಕೆ) ಹೋದರೆ ಕಲ್ಲುಗುಡ್ಡದ ಬುಡದಲ್ಲಿರುವುದರ ಕಾಲು ಕೆಂಪುಗಂದು. ಎರಡೂ ಕ್ಯಾಂಪೊನೋಟಸ್ ಕಂಪ್ರೆಸಸ್ ಎಂಬ ಪ್ರಭೇದದ ಥರವೇ ಕಾಣುತ್ತವೆ. ತುಂಗಭದ್ರೆ ಅಡ್ಡ ಇರುವುದರಿಂದ ಬೇರೆ ಪ್ರಭೇದಗಳಾಗಿವೆಯೇ? ಪರೀಕ್ಷಿಸುವುದು ಹೇಗೆ?

ಉತ್ತರ 1 (ರಾಯಚೂರು)
ಬಣ್ಣ ಒಂದನ್ನೇ ನಂಬಬ್ಯಾಡ್ರಿ. ಕೋಶದ ಹಂತ (ಪ್ಯೂಪಾ) ಮುಗಿಸಿ ಹೊಸದಾಗಿ ಹೊರಬಂದ ಕೆಲಸಗಾರ ಇರುವೆ ಕೆಲವು ದಿನ ತಿಳಿಬಣ್ಣದ್ದೇ ಇರತದ. ಇನ್ನೊಂದು, ಗೊದ್ದದಾಗ ಒಂದೇ ಗೂಡಿನ ಕೆಲಸಗಾರರು ಸಣ್ಣ ತಲೆಯವು, ದೊಡ್ಡ ತಲೆಯವು ಅಂತ ಇರತಾವ. ಒಂದು ಕಡೆ ದೊಡ್ಡವು, ಇನ್ನೊಂದು ಕಡೆ ಸಣ್ಣವು ಹಿಡಿದು ಹೋಲಿಸಿದರ ಇಲ್ಲದ ವ್ಯತ್ಯಾಸ ಕಾಣತದ. ಪ್ರತಿ ಗೂಡಿನಿಂದ ಎಲ್ಲಾ ಗಾತ್ರದವು ಸೇರಿ ಹತ್ತು ಹಿಡೀರಿ, ಎರಡೂ ಕಡೆ ಕನಿಷ್ಠ ಐದೈದು ಗೂಡು. ತಲೆಯ ಅಗಲ, ಮೀಸೆಯ ಮೊದಲ ಉದ್ದ ಗೆಣ್ಣು, ಎರಡನ್ನೂ ಅಳೆದು ಗ್ರಾಫ್ ಹಾಕ್ರಿ. ಚುಕ್ಕೆಗಳು ಒಂದೇ ಗೆರೆ ಹಿಡಿದರ ಅದು ಗಾತ್ರದ ಆಟ. ಎರಡು ಗೆರೆ ಆದರ ಮುಂದಿನ ಪರೀಕ್ಷೆಗೆ ಹೋಗಬಹುದು.

ಉತ್ತರ 2 (ಕೊಪ್ಪಳ)
ಹೊಳೆಯ ಬಗ್ಗೆ ಒಂದು ಮಾತು. ರೆಕ್ಕೆಯಿರುವ ರಾಣಿಗೂ ಗಂಡಿಗೂ ಈ ಅಗಲದ ನೀರು ಗೋಡೆಯಲ್ಲ. ಅದಕ್ಕಿಂತ ಗಟ್ಟಿಯಾದ ಅಡ್ಡಿ ಹಾರುವ ಹೊತ್ತು. ಒಂದು ಗುಂಪು ಮಳೆ ಬಂದ ಸಂಜೆ ಹಾರಿ, ಇನ್ನೊಂದು ನಸುಕಿನಲ್ಲಿ ಹಾರಿದರೆ ಗೂಡುಗಳು ಅಕ್ಕಪಕ್ಕ ಇದ್ದರೂ ಕೂಡಿಕೆಯೇ ಆಗದು. ಹಾಗಾಗಿ ಮುಂಗಾರಿನ ಮೊದಲ ಮಳೆಗಳಲ್ಲಿ ಗೂಡಿನ ಬಾಯಿ ಕಾದು ದಿನಾಂಕ, ಗಂಟೆ, ಮಳೆ ನಿಂತು ಎಷ್ಟು ಹೊತ್ತಾಯಿತು ಎಂದು ಬರೆಯಿರಿ.

ಬೇರೆಯಾಗಲು ದೂರ ಇರಲೇಬೇಕೆಂದೂ ಇಲ್ಲ. ಬ್ರೆಜಿಲ್‌ನಲ್ಲಿ ಮೈಕೊಸೆಪ್ಯುರಸ್ ಕ್ಯಾಸ್ಟ್ರೇಟರ್ ಎಂಬ ಪರಾವಲಂಬಿ ಇರುವೆ ತನ್ನ ಹತ್ತಿರದ ಸಂಬಂಧಿ ಗೋಲ್ಡಿಯ ಗೂಡಿನೊಳಗೇ ಬದುಕುತ್ತದೆ. ಎರಡೂ ಕವಲೊಡೆದು ಸುಮಾರು 37,000 ವರ್ಷ ಎಂದು 2014ರ ಅಧ್ಯಯನ ಲೆಕ್ಕ ಹಾಕಿತು.

ಬೆರಕೆ ಆದಾಗ ಪೆಟ್ಟು ಎಲ್ಲಿ ಬೀಳುತ್ತದೆ ನೋಡಿ. ಇರುವೆಯಲ್ಲಿ ಗಂಡು ಹುಟ್ಟುವುದು ಫಲಿತವಾಗದ ಮೊಟ್ಟೆಯಿಂದ, ವರ್ಣತಂತುಗಳು ಒಂದೇ ಪ್ರತಿ. ಬೆರಕೆ ರಾಣಿಯ ಮಗನಿಗೆ ಹೊಂದದ ಜೀನ್‌ಗಳು ಸೇರಿದರೆ ಮರೆಮಾಡಲು ಎರಡನೇ ಪ್ರತಿ ಇಲ್ಲ. ಫಿನ್‌ಲೆಂಡಿನ ಫಾರ್ಮಿಕಾ ಕುಲದ ಇರುವೆ ಬೆರಕೆಗಳಲ್ಲಿ ಹೀಗೇ ಗಂಡುಗಳು ಬೆಳೆಯುವ ಹಂತದಲ್ಲೇ ಸಾಯುತ್ತವೆ, ಅದೇ ಜೀನ್ ಹೊತ್ತ ಹೆಣ್ಣುಗಳು ಉಳಿಯುತ್ತವೆ.

ಪ್ರಶ್ನೆ ಕೇಳಿದವರು
ಡಿಎನ್‌ಎ ಬಾರ್‌ಕೋಡ್ (ಪ್ರಭೇದ ಗುರುತಿಸಲು ಓದಿಸುವ ಸಣ್ಣ ಡಿಎನ್‌ಎ ತುಣುಕು) ಒಂದೇ ಮಾಡಿಸಿದರೆ ಸಾಲದೇ ಸರ್?

ಉತ್ತರ 3 (ಬಳ್ಳಾರಿ)
ಸಾಲದು. ಸಿಒಐ ಎಂಬ ಜೀನಿನ ಬಾರ್‌ಕೋಡಿನ 658 ಅಕ್ಷರ ತಾಯಿಯ ಕಡೆಯಿಂದಷ್ಟೇ ಬರುತ್ತವೆ. ಮೈಯೊಳಗೆ ಬದುಕಿ ತಾಯಿಯಿಂದ ಮೊಟ್ಟೆಗೆ ದಾಟುವ ವೊಲ್ಬಾಕಿಯಾ ಬ್ಯಾಕ್ಟೀರಿಯಾ ಹರಡಿದರೆ ಅದರ ಜೊತೆ ಒಂದೇ ತಾಯಿವಂಶ ಎಲ್ಲೆಡೆ ಹಬ್ಬಿ, ಎರಡು ಪ್ರಭೇದ ಒಂದಾಗಿ ಕಾಣಬಹುದು. ಡಯಾಕಮ್ಮಾ ಎಂಬ ಇರುವೆಯಲ್ಲಿ ಇದಕ್ಕೆ ತದ್ವಿರುದ್ಧ. ಹೆಣ್ಣು ನಡೆದೇ ಹೊಸ ಗೂಡು ಮಾಡುತ್ತದೆ, ಗಂಡು ಮಾತ್ರ ಹಾರುತ್ತದೆ. ತಾಯಿವಂಶ ಊರೂರಿಗೆ ಬೇರೆಯಾದರೂ ಉಳಿದ ಜೀನ್‌ಗಳು ಬೆರೆಯುತ್ತಲೇ ಇರುತ್ತವೆ. ಕೋಶಕೇಂದ್ರದ ಕೆಲವು ಜೀನ್‌ಗಳನ್ನೂ ಓದಿಸಿ.

ಮಾದರಿಯನ್ನು 95% ಆಲ್ಕೋಹಾಲ್‌ನಲ್ಲಿಡಿ, ಒಂದು ಗೂಡಿಗೆ ಒಂದು ಟ್ಯೂಬ್. ಮೈಯ ನೀರು ಸೇರಿ ತೆಳುವಾಗುವುದರಿಂದ ಮರುದಿನ ಬದಲಿಸಿ. ಫಾರ್ಮಲಿನ್ ಡಿಎನ್‌ಎ ಕೆಡಿಸುತ್ತದೆ. ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆದು ಟ್ಯೂಬಿನೊಳಗೆ ಹಾಕಿ, ಪೆನ್ನಿನ ಶಾಯಿ ಕರಗಿಹೋಗುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಎರೆ ಮುಗಿದು ಮಸಾರಿ ಶುರುವಾಗುವ ಅಂಚಿನಲ್ಲಿ ಹಿಡಿಯಿರಿ. ಅಲ್ಲಿ ನಡುವಿನ ಬಣ್ಣ, ಅಳತೆಯವೇ ತುಂಬಿದ್ದರೆ ಇನ್ನೂ ಒಂದೇ ಪ್ರಭೇದವೆನ್ನಬಹುದು. ಎರಡೂ ಒಂದೇ ಬದುವಿನಲ್ಲಿದ್ದೂ ಬೆರೆಯದಿದ್ದರೆ ಬೇರೆಯಾಗಿವೆ.