ತುರ್ತಾಗಿ ಪದ ಬೇಕು: ಎರಡು ಕಾಲಿನ ನಡಿಗೆಗೆ ಏನನ್ನೋಣ?

ಪ್ರಶ್ನೆ

ಗೆಳೆಯರೆ, ಒಂದು ವಿಜ್ಞಾನ ಪ್ರದರ್ಶನದ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ, ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು. ಮನುಷ್ಯರು, ಹಕ್ಕಿಗಳು, ರೋಬೋಟ್‌ಗಳು ಎರಡೇ ಕಾಲಲ್ಲಿ ಬೀಳದೆ ನಡೆಯುವುದು ಹೇಗೆ ಅನ್ನುವುದು ವಿಷಯ. ತಲೆಬರಹಕ್ಕೆ ‘ದ್ವಿಪಾದ ಚಲನೆ’ ಅಂತ ಬರೆದಿದ್ದೆ. ಕರಡು ಓದಿದ ಅಕ್ಕನ ಮಗಳು, ಏಳನೇ ಕ್ಲಾಸು, ‘ತ್ರಿಪದಿ, ಷಟ್ಪದಿ ತರಹ ಇದೂ ಪದ್ಯನಾ?’ ಅಂತ ಕೇಳಿದಳು. ಅಲ್ಲಿಗೆ ಆ ಪದ ಬಿಟ್ಟೆ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ನಡೆಯುವಾಗ ಒಂದು ಕಾಲು ನೆಲಕ್ಕೆ ಊರಿದಲ್ಲಿಂದ ಅದೇ ಕಾಲು ಮತ್ತೆ ಊರುವ ತನಕ ಒಂದು ಸುತ್ತು. ಅದರಲ್ಲಿ ಸುಮಾರು ಶೇ 60ರಷ್ಟು ಹೊತ್ತು ಆ ಕಾಲು ನೆಲದ ಮೇಲಿರುತ್ತದೆ, ಉಳಿದ ಶೇ 40ರಷ್ಟು ಹೊತ್ತು ಗಾಳಿಯಲ್ಲಿ ಮುಂದಕ್ಕೆ ಹೋಗುತ್ತದೆ. ಇವೆರಡಕ್ಕೆ ‘ಸ್ಥಿತಿ ಹಂತ’, ‘ದೋಲನ ಹಂತ’ ಅಂತ ಹಾಕಿದ್ದೇನೆ, ನನಗೇ ಹಿಡಿಸಿಲ್ಲ. ಚಿತ್ರದ ಪಕ್ಕ ಪುಟ್ಟ ಅಕ್ಷರದಲ್ಲಿ ಬರುವ ಪದಗಳು, ನೋಡಿದ ಕೂಡಲೇ ತಿಳಿಯಬೇಕು. ದಯವಿಟ್ಟು ಬೇಗ ಹೇಳಿ.

ಉತ್ತರ 1

ಇಕ್ಕಾಲ್ನಡಿಗೆ. ಇದರಲ್ಲಿ ಚರ್ಚೆಗೆ ಏನಿದೆ? ಇಕ್ಕೆಲ, ಇಕ್ಕಡೆ, ಇತ್ತಂಡ, ಇಮ್ಮಡಿ ಇದ್ದ ಮೇಲೆ ಇಕ್ಕಾಲು ಇರಲೇಬೇಕು. ಮೂರು ಕಾಲಿನದು ಮುಕ್ಕಾಲಿ, ಎರಡು ಕಾಲಿನ ಪ್ರಾಣಿ ಇಕ್ಕಾಲಿ. ನಾಗಾಲೋಟ ಅಂತ ಎಲ್ಲರೂ ಬರೆಯುತ್ತೀರಿ, ಅದು ನಾಲ್ಕು ಕಾಲಿನ ಓಟ ಅನ್ನುವುದು ಎಷ್ಟು ಜನಕ್ಕೆ ನೆನಪಿದೆ? ಕುದುರೆಗೆ ನಾಗಾಲೋಟ ಕಟ್ಟಿಕೊಟ್ಟ ನುಡಿ ಮನುಷ್ಯನಿಗೆ ದ್ವಿಪಾದವನ್ನು ಸಾಲ ತರಬೇಕಾ? ‘ರೋಬೋಟ್’ ಕೂಡ ತೆಗೆಯಿರಿ.

ಉತ್ತರ 2

ಮುಕ್ಕಾಲಿ ಸರಿ, ಮುಕ್ಕಾಲು ಎಲ್ಲಿ ಹೋಯಿತು? ನಾಲ್ಕರಲ್ಲಿ ಮೂರು ಪಾಲು ಮುಕ್ಕಾಲು. ಫಲಕದ ಮೇಲೆ ‘ಇಕ್ಕಾಲು’ ಕಂಡವರು ಲೆಕ್ಕ ಹಾಕುತ್ತಾ ನಿಲ್ಲುತ್ತಾರೆ. ‘ಕಾಲ್ನಡಿಗೆ’ ಅಂದರೆ ಗಾಡಿ ಹತ್ತದೆ ನಡೆದು ಹೋಗುವುದು, ಆ ಅರ್ಥ ಬೇರೂರಿ ಎಷ್ಟೋ ಕಾಲವಾಯಿತು. ಎರಡೂ ಸೇರಿದರೆ ಗೊಂದಲ ಜಾಸ್ತಿ.

ರೋಬೋಟ್ ಯಾಕೆ ತೆಗೆಯಬೇಕು? ಅದು 1920ರ ಒಂದು ಚೆಕ್ ನಾಟಕದಿಂದ ಬಂದ ಪದ, ಇಂಗ್ಲಿಷಿನವರೂ ಸಾಲ ತಂದವರೇ. ‘ಯಂತ್ರಮಾನವ’ ಅಂದರೆ ಹಕ್ಕಿಯ ಕಾಲಿನ ಮಾದರಿಯ ಯಂತ್ರಕ್ಕೆ ಏನನ್ನುತ್ತೀರಿ? 1990ರಲ್ಲಿ ಟ್ಯಾಡ್ ಮೆಕ್‌ಗೀರ್ ಅನ್ನುವ ಎಂಜಿನಿಯರ್ ವಿವರಿಸಿದ ನಡೆಯುವ ಯಂತ್ರಕ್ಕೆ ಮೋಟಾರೂ ಇಲ್ಲ, ಕಂಪ್ಯೂಟರೂ ಇಲ್ಲ. ಸ್ವಲ್ಪವೇ ಇಳಿಜಾರಿರುವ ಹಲಗೆಯ ಮೇಲೆ ಬಿಟ್ಟರೆ ತನ್ನ ತೂಕದಿಂದಲೇ ಕಾಲು ಬೀಸುತ್ತಾ ಇಳಿಯುತ್ತದೆ. ಅದು ಮಾನವನಲ್ಲ, ಆದರೆ ಅದು ಮಾಡುವುದು ನಡಿಗೆಯೇ. ತಲೆಬರಹದಲ್ಲಿ ‘ನಡಿಗೆ’ ಇರಲಿ, ‘ಚಲನೆ’ ಬೇಡ. ಚಲನೆ ಹಾವಿಗೂ ಇದೆ, ಗ್ರಹಕ್ಕೂ ಇದೆ.

ಒಂದು ಎಚ್ಚರಿಕೆ. ಓಟವನ್ನು ನಡಿಗೆಯೊಳಗೆ ಸೇರಿಸಬೇಡಿ. ನಡಿಗೆಯಲ್ಲಿ ಒಂದು ಕಾಲಾದರೂ ಯಾವಾಗಲೂ ನೆಲದಲ್ಲಿರುತ್ತದೆ, ಊರಿದ ಕಾಲಿನ ಮೇಲೆ ಮೈ ಹಾಯುವಾಗ ಮೈ ಎಲ್ಲಕ್ಕಿಂತ ಎತ್ತರದಲ್ಲಿರುತ್ತದೆ. ಓಟದಲ್ಲಿ ಅದೇ ಗಳಿಗೆಯಲ್ಲಿ ಎಲ್ಲಕ್ಕಿಂತ ತಗ್ಗು. ಕಾಂಗರೂ ಇದ್ದರೆ ಅದಕ್ಕೆ ಬೇರೆ ಫಲಕ ಮಾಡಿ. ಅದು ಜೋರಾಗಿ ಹೋಗುವಾಗ ಕುಪ್ಪಳಿಸುತ್ತದೆ, ಮೆಲ್ಲಗೆ ಹೋಗುವಾಗ ಬಾಲವನ್ನೂ ನೆಲಕ್ಕೆ ಒತ್ತಿ ಐದನೇ ಕಾಲು ಮಾಡಿಕೊಳ್ಳುತ್ತದೆ.

ಉತ್ತರ 3

ಎರಡನೇ ಪ್ರಶ್ನೆಯನ್ನು ಯಾರೂ ಮುಟ್ಟಲೇ ಇಲ್ಲವಲ್ಲ. ಊರುಗಾಲು, ಬೀಸುಗಾಲು. ಊರುಗೋಲು ಗೊತ್ತಿರುವವರಿಗೆ ಊರುಗಾಲು ಬಿಡಿಸಿ ಹೇಳಬೇಕಿಲ್ಲ, ದಾಪುಗಾಲು ಇದ್ದ ಹಾಗೇ ಬೀಸುಗಾಲು. ಬರೆಯುವ ಮೊದಲು ಎದ್ದು ನಾಲ್ಕು ಹೆಜ್ಜೆ ಹಾಕಿ ನೋಡಿದೆ. ಹಿಮ್ಮಡಿ ಊರುತ್ತದೆ, ಮೈ ಅದರ ಮೇಲೆ ಹಾದು ಮುಂದಕ್ಕೆ ವಾಲುತ್ತದೆ, ಹೆಬ್ಬೆರಳು ನೆಲ ಬಿಟ್ಟ ಕೂಡಲೇ ಕಾಲು ಬೀಸುತ್ತದೆ. ನಡುವೆ ಎರಡೂ ಕಾಲು ನೆಲದಲ್ಲಿರುವ ಚಿಕ್ಕ ಹೊತ್ತಿಗೆ ‘ಜೋಡಿಗಾಲು’ ಅನ್ನಬಹುದು. ‘ಊರು’ ಅಂತ ಬಿಡಿಯಾಗಿ ಮಾತ್ರ ಬರೆಯಬೇಡಿ, ಹಳ್ಳಿ ಅಂದುಕೊಳ್ಳುತ್ತಾರೆ.

ಉತ್ತರ 1, ಮತ್ತೆ

ಜೋಡಿ ಕನ್ನಡದ್ದಲ್ಲ. ಅವಳಿಗಾಲು ಅನ್ನಿ. ಹೀಗೆ ಒಂದೊಂದನ್ನೇ ಒಳಗೆ ಬಿಟ್ಟುಕೊಂಡೇ ಇಲ್ಲಿಗೆ ಬಂದು ನಿಂತಿದ್ದೇವೆ.

ಉತ್ತರ 2, ಮತ್ತೆ

ಹೆಜ್ಜೆ ಕೂಡ ಹಳಗನ್ನಡದ ಪಜ್ಜೆ, ಅದು ಸಂಸ್ಕೃತದ ಪದ್ಯಾ ಕಡೆಯಿಂದ ಬಂದದ್ದು. ಅದನ್ನೂ ಹೊರಗೆ ಹಾಕುತ್ತೀರಾ? ಇಷ್ಟು ಕಾಲ ನಮ್ಮ ಬಾಯಲ್ಲಿ ಆಡಿದ ಮೇಲೆ ಅದು ನಮ್ಮದೇ. ಅವಳಿ ಅಂದರೆ ಒಟ್ಟಿಗೆ ಹುಟ್ಟಿದ್ದು, ಇಲ್ಲಿಗೆ ಕೂರುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಊರುಗಾಲು, ಬೀಸುಗಾಲು ಅಂದ ಕೂಡಲೇ ಅಕ್ಕನ ಮಗಳು ಚಿತ್ರದಲ್ಲಿ ಬೆರಳಿಟ್ಟು ಎರಡನ್ನೂ ತೋರಿಸಿದಳು, ಅವು ಖಾಯಂ. ತಲೆಬರಹ ‘ಎರಡು ಕಾಲಿನ ನಡಿಗೆ’. ಜೋಡಿಗಾಲನ್ನೂ ಉಳಿಸಿಕೊಳ್ಳುತ್ತೇನೆ. ಇಕ್ಕಾಲಿ ನನಗೆ ತುಂಬಾ ಇಷ್ಟವಾಯಿತು ಸರ್, ಹಕ್ಕಿಯ ಫಲಕದ ಮೊದಲ ಸಾಲಿನಲ್ಲಿ ‘ಹಕ್ಕಿಗಳೂ ನಮ್ಮ ಹಾಗೆ ಇಕ್ಕಾಲಿಗಳು, ಎರಡು ಕಾಲಿನವು’ ಅಂತ ಹಾಕುತ್ತೇನೆ.

ಅದೇ ಫಲಕದಲ್ಲಿ ಒಂದು ತಪ್ಪು ಈಗ ಕಣ್ಣಿಗೆ ಬಿತ್ತು. ಕೊಕ್ಕರೆಯ ಕಾಲಿನ ನಡುವೆ ಹಿಂದಕ್ಕೆ ಮಡಿಚಿದ ಗಂಟಿಗೆ ‘ಮೊಣಕಾಲು’ ಅಂತ ಗುರುತು ಹಾಕಿದ್ದಾರೆ. ಅದರ ಮೊಣಕಾಲು ಮೇಲೆ ಗರಿಯೊಳಗೆ ಮುಚ್ಚಿಕೊಂಡಿರುತ್ತದೆ. ಹೊರಗೆ ಕಾಣುವ ಗಂಟು ನಮ್ಮ ಪಾದದ ಮೇಲಿನ ಗಂಟಿಗೆ ಸಮ, ಹಕ್ಕಿ ನಡೆಯುವುದೇ ತುದಿಗಾಲಲ್ಲಿ. ಆ ಗಂಟಿಗೆ ‘ಹರಡು’ ಅಂತ ಬರೆಯಬಹುದಾ, ಇಲ್ಲಾ ‘ಚೆಲ್ಲು, ಹರಡು’ ಅನ್ನುವ ಅರ್ಥ ಬಂದುಬಿಡುತ್ತಾ? ಬೆಳಗ್ಗೆ ಹತ್ತರೊಳಗೆ ಹೇಳಿ.

ಉತ್ತರ 3

‘ಕಾಲಿನ ಹರಡು’ ಅಂತ ಬರೆಯಿರಿ, ಗೆರೆ ನೇರ ಆ ಗಂಟಿಗೇ ಮುಟ್ಟಲಿ.